ಹಳೆಯ ಕಾರಿನ ಎರಡು ಗಡಿಯಾರಗಳು

ಮನುಷ್ಯನ ವಯಸ್ಸನ್ನು ಹೇಳಲು ಒಂದು ಪಂಚಾಂಗ ಸಾಕು. ಮೋಟಾರು ಕಾರಿನ ವಯಸ್ಸನ್ನು ಹೇಳಬೇಕಾದರೆ ಎರಡು ಅಳತೆಗಳು ಬೇಕಾಗುತ್ತವೆ: ಅದು ಓಡಿದ ದೂರ ಒಂದು, ಅದರ ಮೇಲೆ ಕಳೆದುಹೋದ ಕಾಲ ಮತ್ತೊಂದು. ಕಾರಿನೊಡನೆ ಬರುವ ಕೈಪಿಡಿಯಲ್ಲಿ ‘ಇಷ್ಟು ಸಾವಿರ ಕಿಲೋಮೀಟರಿಗೊಮ್ಮೆ ಅಥವಾ ಇಷ್ಟು ತಿಂಗಳಿಗೊಮ್ಮೆ, ಯಾವುದು ಮೊದಲೋ ಆಗ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಅನೇಕರು ಮೊದಲಿನ ಸಂಖ್ಯೆಯನ್ನು ಮಾತ್ರ ಓದಿ, ‘ನಮ್ಮ ಗಾಡಿ ಅಷ್ಟೇನೂ ಓಡಿಲ್ಲ’ ಎಂದು ನೆಮ್ಮದಿಯಿಂದಿರುತ್ತಾರೆ. ‘ಅಥವಾ’ ಎಂಬ ಆ ಸಣ್ಣ ಪದದ ಹಿಂದೆ ಯಾವ ನಿಯಮಗಳು ಅಡಗಿವೆಯೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ತಾಯಲೂರನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. ಇಂಥ ಹೋಬಳಿಯ ಊರುಗಳಲ್ಲಿ ಕಾರೆಂಬುದು ವಿಲಾಸದ ವಸ್ತುವಾಗಿ ಉಳಿದಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಹೆರಿಗೆಯ ನೋವು ಕಾಣಿಸಿಕೊಂಡವಳನ್ನು ಮುಳಬಾಗಿಲಿಗೋ ಕೋಲಾರಕ್ಕೋ ಕರೆದೊಯ್ಯುವ ಸಾಧನವೂ ಅದೇ. 1983ರ ಡಿಸೆಂಬರಿನಲ್ಲಿ ಮೊದಲು ಹೊರಬಂದ ಮಾರುತಿ 800ರ ತಯಾರಿಕೆ 2014ರಲ್ಲಿ ನಿಂತಿತು. ಅದೇ ವರ್ಷ ಅಂಬಾಸಡರ್ ಕಾರಿನ ತಯಾರಿಕೆಯೂ ನಿಂತಿತು. ಅವುಗಳಲ್ಲಿ ಕಟ್ಟಕಡೆಯದಕ್ಕೂ ಇಂದು ಹತ್ತು ವರ್ಷ ಮೀರಿದೆ. ಖಾಸಗಿ ಕಾರಿನ ನೋಂದಣಿ 15 ವರ್ಷಗಳವರೆಗೆ ಊರ್ಜಿತವಾಗಿದ್ದು, ಬಳಿಕ ಗಾಡಿಯನ್ನು ಪರೀಕ್ಷಿಸಿ 5 ವರ್ಷಗಳಿಗೊಮ್ಮೆ ನವೀಕರಿಸಬೇಕೆಂಬುದು ಕಾನೂನು. ಆದರೆ ಸವೆತವೆಂಬುದು ಐದು ವರ್ಷ ಕಾಯುವುದಿಲ್ಲ. ಅದು ದಿನವೂ ನಡೆಯುವ ಕೆಲಸ.

ಓಟದಿಂದ ಆಗುವ ಸವೆತ

ಎಂಜಿನ್ನಿನೊಳಗೆ ಪಿಸ್ಟನ್ನು ನಿಮಿಷಕ್ಕೆ ಸಾವಿರಾರು ಬಾರಿ ಸಿಲಿಂಡರಿನಲ್ಲಿ ಮೇಲೆ ಕೆಳಗೆ ಚಲಿಸುತ್ತದೆ. ಎರಡು ಲೋಹಗಳು ಒಂದಕ್ಕೊಂದು ತಾಗಿ ತೇಯದಂತೆ ನಡುವೆ ನಿಂತಿರುವುದು ಎಣ್ಣೆಯ ಒಂದು ತೆಳುವಾದ ಪೊರೆ. ಅದರ ದಪ್ಪ ಕೆಲವೇ ಮೈಕ್ರೋಮೀಟರುಗಳು. ನಮ್ಮ ತಲೆಗೂದಲು ಅದಕ್ಕಿಂತ ಹತ್ತಾರು ಪಾಲು ದಪ್ಪ. ಈ ಪೊರೆಗಿಂತ ದೊಡ್ಡದಾದ ಗಟ್ಟಿ ಕಣವೊಂದು ನಡುವೆ ಸೇರಿದರೆ ಅದು ಅರದಂತೆ ಲೋಹವನ್ನು ಕೆರೆಯುತ್ತದೆ.

ಅಂಥ ಕಣಗಳಿಗೆ ನಮ್ಮ ಸೀಮೆಯಲ್ಲಿ ಬರವಿಲ್ಲ. ಮುಳಬಾಗಿಲು, ಆವಣಿಗಳ ಬೆಟ್ಟಗಳನ್ನು ನೋಡಿದವರಿಗೆ ಇದು ಬಂಡೆಗಲ್ಲಿನ ನಾಡೆಂದು ಬೇರೆ ಹೇಳಬೇಕಾಗಿಲ್ಲ. ಆ ಬಂಡೆಗಳು ಶಿಥಿಲವಾಗಿ ಉದುರಿದ ಮಣ್ಣಿನಲ್ಲಿ ಬೆಣಚುಕಲ್ಲಿನ ಪುಡಿ ಬೆರೆತಿರುತ್ತದೆ. ಖನಿಜಗಳ ಗಡಸುತನವನ್ನು ಅಳೆಯುವ ಮೋಹ್ಸ್ ಮಾನದಲ್ಲಿ ಬೆಣಚುಕಲ್ಲಿಗೆ 7ನೆಯ ಸ್ಥಾನ. ಸಾಮಾನ್ಯ ಕಬ್ಬಿಣ ಅದಕ್ಕಿಂತ ಮೃದು. ಒಂದು ಲೀಟರು ಪೆಟ್ರೋಲು ಉರಿಯಲು ಸುಮಾರು 9ರಿಂದ 10 ಸಾವಿರ ಲೀಟರು ಗಾಳಿ ಬೇಕು. ಅಷ್ಟು ಗಾಳಿಯೂ ಏರ್ ಫಿಲ್ಟರಿನ ಮೂಲಕವೇ ಹೋಗಬೇಕಾದುದರಿಂದ, ಧೂಳಿನ ಮಣ್ಣುರಸ್ತೆಯಲ್ಲಿ ಓಡಾಡುವ ಕಾರಿನ ಫಿಲ್ಟರನ್ನು ಕೈಪಿಡಿ ಹೇಳುವುದಕ್ಕಿಂತ ಮುಂಚೆಯೇ ಬದಲಿಸುವುದು ವಿವೇಕ. ಕಾಗದದ ಫಿಲ್ಟರನ್ನು ನೀರಿನಲ್ಲಿ ತೊಳೆದು ಮತ್ತೆ ಹಾಕುವುದು ಉಳಿತಾಯವೆನಿಸಿದರೂ ಅದರಿಂದ ಎಂಜಿನ್ನಿಗೇ ಹಾನಿ.

ನೀರಿನ ಗುಣ, ಶಾಖದ ಗತಿ

ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿಯಲ್ಲಿ ಚಕ್ರಗಳನ್ನು ತಿರುಗಿಸಲು ದೊರೆಯುವುದು ಕಾಲು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ಮಾತ್ರ. ಮಿಕ್ಕುದರಲ್ಲಿ ಒಂದು ದೊಡ್ಡ ಪಾಲು ಹೊಗೆಯೊಡನೆ ಹೊರಟುಹೋಗುತ್ತದೆ. ಇನ್ನೊಂದು ದೊಡ್ಡ ಪಾಲನ್ನು ನೀರು ಹೊತ್ತು ರೇಡಿಯೇಟರಿಗೆ ಸಾಗಿಸಬೇಕು.

ಸದಾ ಹರಿಯುವ ನದಿಯಿಲ್ಲದ ಕೋಲಾರ ಜಿಲ್ಲೆಯಲ್ಲಿ ಕೈಗೆ ಸುಲಭವಾಗಿ ಸಿಗುವುದು ಆಳವಾದ ಕೊಳವೆ ಬಾವಿಯ ಗಡಸು ನೀರು. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟು ಕಾದಾಗ ಒಡೆದು, ಕ್ಯಾಲ್ಸಿಯಂ ಕಾರ್ಬೊನೇಟಾಗಿ ಪಾತ್ರೆಗೆ ಅಂಟಿಕೊಳ್ಳುತ್ತದೆ. ಸ್ನಾನದ ನೀರು ಕಾಯಿಸುವ ಹಂಡೆಯ ಒಳಗೆ ಬಿಳಿಯ ಪದರ ಕಟ್ಟುವುದನ್ನು ಎಲ್ಲರೂ ಕಂಡಿದ್ದಾರೆ. ರೇಡಿಯೇಟರಿಗೆ ಅದೇ ನೀರನ್ನು ತುಂಬುತ್ತ ಬಂದರೆ ಅಲ್ಲಿಯೂ ಅದೇ ಆಗುತ್ತದೆ. ಈ ಪದರಕ್ಕೆ ಹೋಲಿಸಿದರೆ ತಾಮ್ರವು ಶಾಖವನ್ನು ಇನ್ನೂರು ಪಟ್ಟಿಗೂ ಹೆಚ್ಚು ಸುಲಭವಾಗಿ ದಾಟಿಸುತ್ತದೆ. ಅಂದರೆ ಒಂದು ಮಿಲಿಮೀಟರು ದಪ್ಪದ ಸುಣ್ಣದ ಪದರವು ಒಂದು ಗೇಣು ದಪ್ಪದ ತಾಮ್ರದ ಗೋಡೆ ಒಡ್ಡುವಷ್ಟು ಅಡ್ಡಿಯನ್ನು ಶಾಖಕ್ಕೆ ಒಡ್ಡುತ್ತದೆ!

ಮುಳಬಾಗಿಲು ಸೀಮೆ ಸಮುದ್ರ ಮಟ್ಟದಿಂದ ಸುಮಾರು 800 ಮೀಟರು ಎತ್ತರದಲ್ಲಿರುವುದರಿಂದ ತೆರೆದ ಪಾತ್ರೆಯಲ್ಲಿ ನೀರು 97 ಡಿಗ್ರಿ ಸೆಲ್ಸಿಯಸ್ಸಿಗೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳವು ಒಳಗಿನ ಒತ್ತಡವನ್ನು ಏರಿಸಿ ಕುದಿಬಿಂದುವನ್ನು 110 ಡಿಗ್ರಿಗೂ ಮೇಲಕ್ಕೆ ಒಯ್ಯುತ್ತದೆ. ಬಿಸಿ ಎಂಜಿನ್ನಿನಲ್ಲಿ ಈ ಮುಚ್ಚಳವನ್ನು ತೆರೆದರೆ ಒತ್ತಡ ಕುಸಿದು, ಒಳಗಿನ ನೀರು ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ತಣ್ಣಗಾಗುವವರೆಗೆ ಕಾಯುವುದೊಂದೇ ದಾರಿ. ತುಂಬಬೇಕಾದುದು ಕೈಪಿಡಿ ಹೇಳಿದ ಕೂಲೆಂಟು ಮತ್ತು ಬಟ್ಟಿ ಇಳಿಸಿದ ನೀರು. ಕೂಲೆಂಟಿನಲ್ಲಿರುವ ತುಕ್ಕುನಿರೋಧಕ ಪದಾರ್ಥಗಳು ಕಾಲಕ್ರಮದಲ್ಲಿ ತೀರಿಹೋಗುವುದರಿಂದ ಅದನ್ನೂ ಅವಧಿಗೆ ಸರಿಯಾಗಿ ಬದಲಿಸಬೇಕು.

ನಿಂತಲ್ಲೇ ಬರುವ ಮುಪ್ಪು

ಈಗ ಎರಡನೆಯ ಗಡಿಯಾರಕ್ಕೆ ಬರೋಣ. ಒಂದು ಲೀಟರು ಪೆಟ್ರೋಲು ಉರಿದಾಗ ಹೆಚ್ಚುಕಡಿಮೆ ಒಂದು ಲೀಟರಿನಷ್ಟೇ ನೀರು ಆವಿಯಾಗಿ ಹುಟ್ಟುತ್ತದೆ. ದೂರದ ಪ್ರಯಾಣದಲ್ಲಿ ಎಂಜಿನ್ನು ಚೆನ್ನಾಗಿ ಕಾಯುವುದರಿಂದ ಈ ಆವಿ ಹೊರಗೆ ಹೋಗುತ್ತದೆ. ಮನೆಯಿಂದ ತೋಟಕ್ಕೆ, ತೋಟದಿಂದ ಅಂಗಡಿಗೆ ಎಂದು ಎರಡು ಮೂರು ಕಿಲೋಮೀಟರು ಓಡಿ ನಿಲ್ಲುವ ಕಾರಿನಲ್ಲಿ ಅದರ ಒಂದಂಶ ತಣ್ಣನೆಯ ಗೋಡೆಗಳ ಮೇಲೆ ಹನಿಗಟ್ಟಿ ಎಣ್ಣೆಯನ್ನು ಸೇರುತ್ತದೆ. ಉರಿಯುವಿಕೆಯ ಇತರ ಶೇಷಗಳೊಡನೆ ಕೂಡಿ ಆಮ್ಲವಾಗುತ್ತದೆ. ಆದುದರಿಂದ ಕಡಿಮೆ ಓಡಿದ ಕಾರಿನ ಎಣ್ಣೆ ಹೆಚ್ಚು ಕಾಲ ಬಾಳುತ್ತದೆಂಬುದು ಭ್ರಮೆ.

ಬ್ರೇಕ್ ಆಯಿಲಿನ ವಿಷಯ ಇನ್ನೂ ಗಂಭೀರವಾದುದು. ದ್ರವದ ಮೇಲೆ ಹೇರಿದ ಒತ್ತಡವು ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆಂಬ ಪಾಸ್ಕಲನ ನಿಯಮವೇ ಬ್ರೇಕಿನ ಆಧಾರ. ದ್ರವವು ಕುಗ್ಗಲಾರದೆಂಬುದು ಅದರ ಬಲ. ಆದರೆ ಸಾಮಾನ್ಯ ಬ್ರೇಕ್ ಆಯಿಲು ಗಾಳಿಯಲ್ಲಿನ ತೇವವನ್ನು ತಾನಾಗಿಯೇ ಹೀರಿಕೊಳ್ಳುವ ಗುಣವುಳ್ಳದ್ದು. ‘ಡಾಟ್ 3’ ದರ್ಜೆಯ ಹೊಸ ದ್ರವದ ಕುದಿಬಿಂದು 205 ಡಿಗ್ರಿಗೆ ಕಡಿಮೆಯಿರಬಾರದೆಂಬುದು ನಿಯಮ, ಶೇಕಡ 3.7ರಷ್ಟು ನೀರು ಸೇರಿದ ಮೇಲೆ ಅದೇ ದರ್ಜೆಗೆ ವಿಧಿಸಿರುವ ಕನಿಷ್ಠ ಮಿತಿ 140 ಡಿಗ್ರಿ ಮಾತ್ರ. ತಿರುಪತಿಗೋ ಕಾಣಿಪಾಕಕ್ಕೋ ಹೊರಟವರು ಪಲಮನೇರನ್ನು ದಾಟಿ ಮೊಗಿಲಿ ಘಾಟಿಯನ್ನು ಇಳಿಯಬೇಕಷ್ಟೆ. ಸಾವಿರ ಕಿಲೋಗ್ರಾಮಿನ ಕಾರೊಂದು 100 ಮೀಟರು ಕೆಳಗಿಳಿದರೆ, ಮೂರು ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲಷ್ಟು ಶಕ್ತಿ ಬಿಡುಗಡೆಯಾಗುತ್ತದೆ. ಅದನ್ನೆಲ್ಲ ಬ್ರೇಕಿನಿಂದಲೇ ತಡೆದರೆ, ಹಳಸಿದ ದ್ರವ ಕುದಿದು ಆವಿಯ ಗುಳ್ಳೆಗಳೇಳುತ್ತವೆ. ಆವಿ ಕುಗ್ಗುತ್ತದೆ, ಕಾಲಿಟ್ಟ ಪೆಡಲು ತಳಕ್ಕಿಳಿಯುತ್ತದೆ, ಕಾರು ನಿಲ್ಲುವುದಿಲ್ಲ. ಎರಡು ವರ್ಷಗಳಿಗೊಮ್ಮೆ ಈ ದ್ರವವನ್ನು ಬದಲಿಸುವುದು, ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲಿಯೇ ಇಳಿಯುವುದು, ಇವೆರಡೂ ಪ್ರಾಣಕ್ಕೆ ಸಂಬಂಧಿಸಿದ ನಿಯಮಗಳು.

ರಬ್ಬರು ಕೂಡ ಕಾಲಕ್ಕೆ ಅಧೀನ. ಬಿಸಿಲು, ಆಮ್ಲಜನಕ, ಓಜೋನುಗಳಿಂದ ಅದು ಬಿರುಸಾಗಿ ಸೀಳುತ್ತದೆ. ಟೈರಿನ ಬದಿಯಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳು ಅದರ ಜನ್ಮಪತ್ರಿಕೆ: 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದುದೆಂದು ಅರ್ಥ. ಪೆಟ್ರೋಲಿನ ಕೊಳವೆಗಳನ್ನೂ ಮರೆಯಬಾರದು. 2025ರ ವೇಳೆಗೆ ನಮ್ಮ ದೇಶದಲ್ಲಿ ಪೆಟ್ರೋಲಿಗೆ ಶೇಕಡ 20ರಷ್ಟು ಎಥನಾಲ್ ಬೆರೆಸುವ ಕ್ರಮ ಬಂದಿತು. ಹಳೆಯ ಕಾರುಗಳ ಕೆಲವು ಬಗೆಯ ರಬ್ಬರು ಎಥನಾಲಿನಿಂದ ಉಬ್ಬಿ ಮೆತುವಾಗುವುದರಿಂದ, ಆ ಕೊಳವೆಗಳನ್ನು ಆಗಾಗ ಪರೀಕ್ಷಿಸುವುದು ಅಗತ್ಯ.

ಕಾಲಕ್ಕೆ ತಕ್ಕ ಕೆಲಸ

ಮೇಲಿನ ವಿವರಗಳಿಂದ ಒಂದು ಸರಳ ಕ್ರಮವನ್ನು ಹೊಂದಿಸಿಕೊಳ್ಳಬಹುದು. ವಾರಕ್ಕೊಮ್ಮೆ ಎಂಜಿನ್ನು ತಣ್ಣಗಿರುವಾಗ ಎಣ್ಣೆ, ಕೂಲೆಂಟು, ಬ್ರೇಕ್ ಆಯಿಲುಗಳ ಮಟ್ಟವನ್ನು ನೋಡಬೇಕು. ಎರಡು ವಾರಕ್ಕೊಮ್ಮೆ ಟೈರಿನ ಗಾಳಿಯನ್ನು, ಓಡಿಸುವ ಮೊದಲೇ, ಅಳೆಯಿಸಬೇಕು. ತಿಂಗಳಿಗೊಮ್ಮೆ ಏರ್ ಫಿಲ್ಟರನ್ನೂ, ನೀರು ತುಂಬುವ ಬಗೆಯ ಬ್ಯಾಟರಿಯಾದರೆ ಅದರ ನೀರನ್ನೂ ಪರೀಕ್ಷಿಸಬೇಕು. ಕಾರು ಎಷ್ಟೇ ಕಡಿಮೆ ಓಡಿರಲಿ, ವರ್ಷಕ್ಕೊಮ್ಮೆ ಎಣ್ಣೆಯನ್ನೂ ಅದರ ಫಿಲ್ಟರನ್ನೂ ಬದಲಿಸಿ, ಬ್ರೇಕು ಮತ್ತು ರಬ್ಬರಿನ ಕೊಳವೆಗಳನ್ನು ಮೆಕ್ಯಾನಿಕ್ಕಿನಿಂದ ನೋಡಿಸಬೇಕು. ಉಳಿದ ಅವಧಿಗಳಿಗೆ ಆಯಾ ಕಾರಿನ ಕೈಪಿಡಿಯೇ ಪ್ರಮಾಣ.

ಇಷ್ಟನ್ನೂ ನೆನಪಿನಲ್ಲಿಡುವುದು ಕಷ್ಟವೆನ್ನುವವರು ನಾಲ್ಕಾಣೆ ಪುಸ್ತಕದಂಥ ಒಂದು ಚಿಕ್ಕ ಲೆಕ್ಕದ ಪುಸ್ತಕವನ್ನು ಕಾರಿನಲ್ಲಿಟ್ಟರೆ ಸಾಕು. ತಾರೀಖು, ಓಡಿದ ಕಿಲೋಮೀಟರು, ಮಾಡಿಸಿದ ಕೆಲಸ: ಈ ಮೂರು ಕಲಮುಗಳು ಸಾಕಾಗುತ್ತವೆ. ಸಂತೆಯ ಲೆಕ್ಕ, ಹಾಲಿನ ಲೆಕ್ಕಗಳನ್ನು ತಪ್ಪದೆ ಬರೆದಿಡುವ ನಮ್ಮ ಮನೆಗಳಿಗೆ ಇದೇನೂ ಹೊಸ ಶ್ರಮವಲ್ಲ. ಮೊದಲನೆಯ ಕಲಮು ಒಂದು ಗಡಿಯಾರ, ಎರಡನೆಯದು ಮತ್ತೊಂದು. ಯಾವುದು ಮೊದಲು ಗಂಟೆ ಹೊಡೆಯುವುದೋ ಅದರ ಮಾತನ್ನು ಕೇಳಿದರೆ, ಕಷ್ಟದ ರಾತ್ರಿಯಲ್ಲಿ ಕೀಲಿ ತಿರುಗಿಸಿದಾಗ ಹಳೆಯ ಕಾರೂ ಹೊರಡುತ್ತದೆ, ನಿಲ್ಲಬೇಕಾದೆಡೆಯಲ್ಲಿ ನಿಲ್ಲುತ್ತದೆ.