ಮಾತಿಲ್ಲದ ಸಹವೇದನೆ

ಕೃಷ್ಣಾ ತುಂಗಭದ್ರೆಗಳ ನಡುವಣ ಎಡೆದೊರೆ ನಾಡು ಪದಗಳ ನಾಡು. ದೇವದುರ್ಗದ ಸೀಮೆಯ ಮೊಸರಕಲ್ಲಿನಲ್ಲಿ ಹುಟ್ಟಿದ ಗೋಪಾಲದಾಸರೂ ಮಾನ್ವಿಯ ಜಗನ್ನಾಥದಾಸರೂ ತಮ್ಮ ಅಂತರಂಗದ ಅಳಲನ್ನು ಮಾತಿಗೆ ಒಪ್ಪಿಸಿ ಹಾಡಿದರು. ಮಾತೇ ಇಲ್ಲದ ವಾದ್ಯವು ಆ ಭಾರವನ್ನು ಹೊರುವ ಬಗೆ ಯಾವುದು?

೧೯೪೮ರಲ್ಲಿ ಗಾಂಧೀಜಿಯವರ ಹತ್ಯೆಯಾದಾಗ ಸಿತಾರಿನ ರವಿಶಂಕರರು ಗ, ನಿ, ಧ ಎಂಬ ಮೂರು ಸ್ವರಗಳಲ್ಲಿ ಆ ಹೆಸರಿನ ನೆರಳನ್ನು ಕಂಡು ‘ಮೋಹನ್ ಕೌಂಸ್’ ರಾಗವನ್ನು ಕಟ್ಟಿದರು. ಈ ಕಥೆಯನ್ನರಿಯದ ಕಿವಿಗೂ ಅದು ರಾಗವೇ; ನಾಡಿನ ಶೋಕವು ಅಲ್ಲಿ ಸ್ವರದ ನಡೆಯೇ ಆಗಿಬಿಟ್ಟಿದೆ.

ರಾಯಚೂರಿನಲ್ಲಿ ಪಂಡಿತ ತಾರಾನಾಥರು ಸ್ಥಾಪಿಸಿದ ಶಾಲೆಯ ಹೆಸರು ‘ಹಮ್‌ದರ್ದ್’. ಎಂದರೆ, ನೋವಿನಲ್ಲಿ ಜೊತೆಯಾಗುವವನು. ಅವರ ಮಗ ರಾಜೀವ ತಾರಾನಾಥರು (೧೯೩೨–೨೦೨೪) ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸಿದವರಾದರೂ ಸರೋದನ್ನೇ ಉಸಿರಾಗಿಸಿಕೊಂಡರು. ಹೆಣವೊಂದು ಸಂಸ್ಕಾರಕ್ಕಾಗಿ ಕಾಯುತ್ತ ಬಿದ್ದಿರುವ ೧೯೭೦ರ ‘ಸಂಸ್ಕಾರ’ ಚಿತ್ರಕ್ಕೆ ಸಂಗೀತವಿತ್ತವರು ಅವರೇ.

ನನಗೆ ತೋರುವುದಿಷ್ಟು: ನೋವು ತನ್ನದೆಂಬ ಮಾತ್ರಕ್ಕೆ ಸಂಗೀತವಾಗದು. ಈ ಸೀಮೆಯ ಬರ, ಗುಳೆ ಹೋದವರ ಬೀಗ ಬಿದ್ದ ಮನೆ ಇಂದಿನ ವಾದಕನ ಎದೆಯನ್ನು ಕಲಕಬಹುದು; ಕಲಕಿದ್ದನ್ನು ಶ್ರುತಿಗೆ ಕೂಡಿಸಲು ವರ್ಷಗಟ್ಟಲೆ ಬೆರಳು ಸವೆಯಬೇಕು. ಕೃತಿಯ ಹೆಸರು ಮರೆತ ಮೇಲೂ ಕೇಳುಗನ ಎದೆ ಭಾರವಾದರೆ, ಆ ವಾದ್ಯ ಹಮ್‌ದರ್ದ್ ಆಯಿತೆಂದೇ ತಿಳಿಯಬೇಕು.