ಮುದಿ ಬ್ಯಾಟರಿಯ ನಾಡಿಪರೀಕ್ಷೆ

ಪ್ಲಗ್ಗು ಕಿತ್ತಿಟ್ಟಿದ್ದ ಗಣಕಯಂತ್ರವನ್ನು ಮತ್ತೆ ಚಾಲೂ ಮಾಡಿದಾಗ ಅದರ ಗಡಿಯಾರವು ಹತ್ತಾರು ವರ್ಷ ಹಿಂದಕ್ಕೆ ಓಡಿದ್ದರೆ, ಯಂತ್ರಕ್ಕೆ ಮರುಳು ಹಿಡಿಯಿತೆಂದು ಗಾಬರಿಯಾಗಬೇಕಿಲ್ಲ. ಒಳಗೆ ನಾಣ್ಯದಂತೆ ಕುಳಿತು ವೇಳೆಯನ್ನು ಕಾಯುವ ಲಿಥಿಯಮ್ ಬ್ಯಾಟರಿಯ ಆಯುಸ್ಸು ತೀರಿರಬಹುದು. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪದ ಈ ಬಿಲ್ಲೆಗೆ ಅಂಗಡಿಯಲ್ಲಿ ‘ಸಿಆರ್ 2032’ ಎಂದು ಹೆಸರು.

ಮೀಟರಿನ ಮೊನೆಗಳನ್ನು ತಾಗಿಸಿ, 3 ವೋಲ್ಟ್ ಕಂಡೊಡನೆ ‘ಚೆನ್ನಾಗಿದೆ’ ಎನ್ನುವವರು ಮೋಸಹೋಗುತ್ತಾರೆ. ಒಳಗಿನ ಸರಕು ಬಹುಪಾಲು ಮುಗಿಯುವವರೆಗೂ ಇದರ ವೋಲ್ಟೇಜು ಹೆಚ್ಚು ಇಳಿಯದು. ಇಳಿಯತೊಡಗಿದ ಮೇಲೆ ನಿಲ್ಲದು. ಮುದಿತನದ ನಿಜವಾದ ಗುರುತೆಂದರೆ ಒಳಗಿನ ರೋಧ ಹೆಚ್ಚುವುದು. ಕುಳಿತಲ್ಲಿ ಗಟ್ಟಿಮುಟ್ಟಾಗಿ ಕಾಣುವ ವೃದ್ಧರಿಗೆ ಮೆಟ್ಟಿಲು ಹತ್ತುವಾಗ ಏದುಸಿರು ಬರುವುದಿಲ್ಲವೆ? ಇದಕ್ಕೂ ಹೊರೆ ಹೊರಿಸಿಯೇ ನೋಡಬೇಕು. 1000 ಓಮ್ ರೋಧಕವೊಂದನ್ನು ಐದಾರು ಸೆಕೆಂಡು ಜೋಡಿಸಿದರೆ ಸುಮಾರು 3 ಮಿಲಿಆಂಪಿಯರ್ ಹರಿಯುತ್ತದೆ. ಆಗ ವೋಲ್ಟೇಜು 2.9ರ ಆಸುಪಾಸಿನಲ್ಲಿ ನಿಂತರೆ ಬಾಳಿಕೆ ಉಳಿದಿದೆ, 2.5ರತ್ತ ಜಾರುತ್ತಲೇ ಹೋದರೆ ಹೊಸದನ್ನು ತರುವುದೇ ಲೇಸು. ಗಡಿಯಾರಕ್ಕೆ ಬೇಕಾದುದು ಇದರ ಸಾವಿರದಲ್ಲೊಂದು ಪಾಲಿನಷ್ಟು ಪ್ರವಾಹವಾದ್ದರಿಂದ ಅಂಥ ಬ್ಯಾಟರಿಯೂ ಕೆಲಕಾಲ ದಿನ ನೂಕೀತು, ನಂಬುವಂತಿಲ್ಲ.

ಇದನ್ನು ಮತ್ತೆ ಚಾರ್ಜು ಮಾಡುವ ಸಾಹಸವಂತೂ ಸಲ್ಲದು. ಇನ್ನೊಂದು ಮಾತು: ಗಡಿಯಾರದ ಪಾಲಿಗೆ ಸತ್ತ ಬ್ಯಾಟರಿಯು ಮಗುವಿನ ಗಂಟಲಿನ ಪಾಲಿಗೆ ಸತ್ತಿರುವುದಿಲ್ಲ. ನುಂಗಿದ ಬಿಲ್ಲೆಯು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಉಳಿದಿರುವ ಅಲ್ಪ ವಿದ್ಯುತ್ತೇ ಎರಡು ಗಂಟೆಗಳೊಳಗೆ ಅಲ್ಲಿ ಆಳವಾದ ಸುಟ್ಟಗಾಯ ಮಾಡಬಲ್ಲದು. ತಡಮಾಡದೆ ಆಸ್ಪತ್ರೆಗೆ ಓಡಬೇಕು. ತೆಗೆದ ಬಿಲ್ಲೆಯ ಎರಡು ಮುಖಗಳಿಗೂ ಟೇಪು ಅಂಟಿಸಿ, ಮಕ್ಕಳ ಕೈಗೆಟುಕದಂತೆ ಇರಿಸಿ, ವಿದ್ಯುನ್ಮಾನ ಕಸ ಸಂಗ್ರಹಿಸುವವರಿಗೆ ಒಪ್ಪಿಸತಕ್ಕದ್ದು.