ಲೆಕ್ಕಪರಿಶೋಧಕರನ್ನು ಆರಿಸಿಕೊಳ್ಳುವ ಬಗೆ

ದೇಹಕ್ಕೆ ಜಾಡ್ಯ ಬಂದಾಗ ನಾವು ವೈದ್ಯರ ಅರ್ಹತೆಯನ್ನು ವಿಚಾರಿಸುತ್ತೇವೆ. ಆಸ್ತಿಯ ವ್ಯಾಜ್ಯ ಬಂದಾಗ ವಕೀಲರ ಯೋಗ್ಯತೆಯನ್ನು ನಾಲ್ವರಲ್ಲಿ ಕೇಳಿ ತಿಳಿಯುತ್ತೇವೆ. ಆದರೆ ವ್ಯಾಪಾರದ ಲೆಕ್ಕವನ್ನೂ ಸರ್ಕಾರಕ್ಕೆ ಸಲ್ಲಿಸತಕ್ಕ ತೆರಿಗೆಯ ವಿವರವನ್ನೂ ಒಬ್ಬರ ಕೈಗೆ ಒಪ್ಪಿಸುವಾಗ ಮಾತ್ರ, ಅವರು ಯಾರು, ಯಾವ ಅಧಿಕಾರದಿಂದ ಈ ಕೆಲಸವನ್ನು ಮಾಡುತ್ತಾರೆ ಎಂದು ಕೇಳುವವರು ವಿರಳ. 2007ರಲ್ಲಿ ಕೋಲಾರದಿಂದ ಬೇರೆಯಾದ ಜಿಲ್ಲೆಗೆ ಸೇರಿದ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಂಬ ನಾಲ್ಕು ಪಟ್ಟಣಗಳನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ಸ್ವಲ್ಪ ವಿಚಾರ ಮಾಡೋಣ.

ಮೊದಲು ಹೆಸರಿನ ತೊಡಕನ್ನು ಬಿಡಿಸಬೇಕು. ನಮ್ಮ ಊರುಗಳಲ್ಲಿ ತೆರಿಗೆಯ ಕಾಗದಪತ್ರಗಳನ್ನು ನೋಡಿಕೊಳ್ಳುವವರೆಲ್ಲರೂ ‘ಆಡಿಟರು’ ಎನಿಸಿಕೊಳ್ಳುತ್ತಾರೆ. ಇವರಲ್ಲಿ ತೆರಿಗೆ ಸಲಹೆಗಾರರುಂಟು, ಜಿ.ಎಸ್.ಟಿ. ವೃತ್ತಿನಿರತರುಂಟು, ವಕೀಲರೂ ಉಂಟು. ತಮ್ಮ ತಮ್ಮ ಮಿತಿಯಲ್ಲಿ ಇವರೆಲ್ಲರೂ ಉಪಯುಕ್ತರೇ. ಆದರೆ ಚಾರ್ಟರ್ಡ್ ಅಕೌಂಟೆಂಟ್ ಎಂಬುದು 1949ರ ಕಾಯಿದೆಯಿಂದ ಹುಟ್ಟಿದ ಪ್ರತ್ಯೇಕ ಪದವಿ. ಆ ವರ್ಷದ ಜುಲೈ 1ರಂದು ಸ್ಥಾಪಿತವಾದ ಅಖಿಲ ಭಾರತ ಸಂಸ್ಥೆಯ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ, ಹಿರಿಯರ ಕೈಕೆಳಗೆ ತರಬೇತಿ ಪಡೆದು, ಸದಸ್ಯತ್ವವನ್ನೂ ವೃತ್ತಿ ನಡೆಸುವ ಪ್ರಮಾಣಪತ್ರವನ್ನೂ ಹೊಂದಿದವರಿಗೆ ಮಾತ್ರ ಲೆಕ್ಕಪರಿಶೋಧನೆಗೆ ಸಹಿ ಹಾಕುವ ಈ ಹಕ್ಕುಂಟು. ಅಮೆರಿಕದಲ್ಲಿ ಇಂಥವರನ್ನು ಸರ್ಟಿಫೈಡ್ ಪಬ್ಲಿಕ್ ಅಕೌಂಟೆಂಟ್ ಎನ್ನುತ್ತಾರೆ. ಅಲ್ಲಿ ಒಂದೊಂದು ರಾಜ್ಯವೂ ಬೇರೆ ಬೇರೆಯಾಗಿ ಪರವಾನಗಿ ಕೊಡುತ್ತದೆ.

ಈ ಭೇದವನ್ನು ಅರಿಯುವುದರಿಂದ ಆಗುವ ಪ್ರಯೋಜನವೇನು? ಶಿಡ್ಲಘಟ್ಟದ ರೇಷ್ಮೆಯನ್ನೇ ನೋಡಿರಿ. ಬೇಸಾಯದ ಆದಾಯಕ್ಕೆ ಕೇಂದ್ರ ಸರ್ಕಾರದ ಆದಾಯ ತೆರಿಗೆಯಿಲ್ಲ. ಹಿಪ್ಪುನೇರಳೆ ಸೊಪ್ಪು ಬೇಸಾಯದ ಫಲವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸೊಪ್ಪನ್ನು ಹುಳುವಿಗೆ ಉಣಿಸಿ ಪಡೆದ ಗೂಡಿನ ಆದಾಯವು ಬೇಸಾಯದ್ದಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1990ರ ದಶಕದ ಕಡೆಯಲ್ಲಿ ತೀರ್ಪಿತ್ತಿದೆ. ಅಲ್ಪ ಆದಾಯದ ರೈತನಿಗೆ ಇದರಿಂದ ತೊಂದರೆಯಿರಲಾರದು; ದೊಡ್ಡದಾಗಿ ಹುಳು ಸಾಕುವವನಿಗೆ ಇದು ಮುಖ್ಯ ವಿಚಾರ. ಜಿ.ಎಸ್.ಟಿ.ಯಲ್ಲಿಯೂ ಇಂಥದೇ ಸೂಕ್ಷ್ಮವುಂಟು. ಗೂಡಿಗೂ ಹುರಿ ಮಾಡದ ಕಚ್ಚಾ ರೇಷ್ಮೆಗೂ ತೆರಿಗೆಯಿಲ್ಲ. ಹುರಿ ಮಾಡಿದ ನೂಲಿಗೆ ಶೇಕಡ 5 ತೆರಿಗೆಯುಂಟು. ಅದನ್ನೂ, ಗೂಡಿನಿಂದಲೋ ಕಚ್ಚಾ ರೇಷ್ಮೆಯಿಂದಲೋ ನೂಲನ್ನು ತಯಾರಿಸಿದವನು ಮಾರಿದಾಗ, ನೋಂದಣಿಯಾದ ಕೊಳ್ಳುವವನೇ ಸರ್ಕಾರಕ್ಕೆ ಕಟ್ಟತಕ್ಕದ್ದು. ರೇಷ್ಮೆಯ ಕಸುಬನ್ನರಿಯದ ಸಲಹೆಗಾರನು ಇಲ್ಲಿ ಸುಲಭವಾಗಿ ದಾರಿ ತಪ್ಪುತ್ತಾನೆ.

2025ರ ಜುಲೈ ತಿಂಗಳಿನಲ್ಲಿ ನಡೆದುದು ಇನ್ನೊಂದು ಪಾಠ. ಯು.ಪಿ.ಐ. ಮೂಲಕ ಬಂದ ಹಣದ ಮೊತ್ತವನ್ನು ನೋಡಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಸಣ್ಣ ವರ್ತಕರಿಗೆ ನೋಟೀಸುಗಳನ್ನು ಕಳುಹಿಸಿತು. ಅವರಲ್ಲಿ ತೆರಿಗೆಯೇ ಇಲ್ಲದ ತರಕಾರಿಯನ್ನು ಮಾರುವವರೂ ಇದ್ದರು. ತೆರಿಗೆಯಿಲ್ಲದ ಸರಕನ್ನು ಮಾತ್ರ ಮಾರುವವನಿಗೆ ನೋಂದಣಿಯ ಅಗತ್ಯವಿಲ್ಲವೆಂಬುದು ನಿಜ. ಆದರೆ ಬಂದ ಹಣ ಯಾವುದರದೆಂದು ತೋರಿಸಲು ಕಿರ್ದಿ, ಖಾತೆ, ಬಿಲ್ಲುಗಳು ಬೇಕಷ್ಟೆ. ನೋಟೀಸು ಬಂದ ಮೇಲೆ ಅವನ್ನು ಹುಟ್ಟಿಸಲಾಗದು.

ಹಾಗಾದರೆ ಚಾರ್ಟರ್ಡ್ ಅಕೌಂಟೆಂಟರು ಯಾರಿಗೆ ಅನಿವಾರ್ಯ? ಕಂಪನಿ ಎಂದು ನೋಂದಣಿಯಾದ ಯಾವ ಸಂಸ್ಥೆಗಾದರೂ, ವಹಿವಾಟು ಎಷ್ಟೇ ಅಲ್ಪವಾಗಿರಲಿ, ಅವರ ಪರಿಶೋಧನೆ ಕಡ್ಡಾಯ. ಕಂಪನಿಯಾಗಿ ಕಟ್ಟಿದ ರೈತ ಉತ್ಪಾದಕರ ಕೂಟಗಳಿಗೂ ಇದು ಅನ್ವಯಿಸುತ್ತದೆ. ಇತರ ವ್ಯಾಪಾರಿಗಳಲ್ಲಿ, ಸಾಮಾನ್ಯವಾಗಿ, ವರ್ಷದ ವಹಿವಾಟು 1 ಕೋಟಿ ರೂಪಾಯಿಗಳನ್ನು ಮೀರಿದವರು ಆದಾಯ ತೆರಿಗೆಗಾಗಿ ಲೆಕ್ಕವನ್ನು ಪರಿಶೋಧಿಸಿಕೊಳ್ಳಬೇಕು. ನಗದಿನ ಕೊಡುಕೊಳೆ ಶೇಕಡ 5ನ್ನು ಮೀರದಿದ್ದರೆ ಈ ಮಿತಿ 10 ಕೋಟಿಗೆ ಏರುತ್ತದೆ. ಚಿಂತಾಮಣಿಯ ಮಂಡಿ ವ್ಯಾಪಾರದಂತೆ ನಗದು ಹೆಚ್ಚಾಗಿ ಓಡಾಡುವ ಕಡೆ ಇದನ್ನು ಗಮನಿಸಬೇಕು. ಅಂದಾಜು ಲಾಭದ ಮೇಲೆ ತೆರಿಗೆ ಕೊಡುವ ಸಣ್ಣ ವರ್ತಕರಿಗೆ ಬೇರೆ ನಿಯಮಗಳಿವೆ. ಬರಿಯ ಸಂಬಳದ ವಿವರಪಟ್ಟಿಯನ್ನಾದರೋ ತಿಳಿದವರು ತಾವೇ ಸಲ್ಲಿಸಬಹುದು.

ಆರಿಸುವಾಗ ನೋಡತಕ್ಕ ಕುರುಹುಗಳು ಕೆಲವುಂಟು. ಸದಸ್ಯತ್ವದ ಸಂಖ್ಯೆಯನ್ನು ಕೇಳುವುದು ಅಗೌರವವಲ್ಲ. ಸಂಸ್ಥೆಯ ಸದಸ್ಯರ ಪಟ್ಟಿಯಲ್ಲಿ ಅದನ್ನು ಯಾರು ಬೇಕಾದರೂ ತಾಳೆನೋಡಬಹುದು. 2019ರಿಂದ ಅವರು ಸಹಿಮಾಡುವ ಪ್ರಮಾಣಪತ್ರಗಳ ಮೇಲೆ ಯು.ಡಿ.ಐ.ಎನ್. ಎಂಬ 18 ಅಂಕಿ-ಅಕ್ಷರಗಳ ಗುರುತು ಇರತಕ್ಕದ್ದು. ಬ್ಯಾಂಕಿನವರು ಅದರಿಂದಲೇ ಪತ್ರದ ಸಾಚಾತನವನ್ನು ಪರೀಕ್ಷಿಸುತ್ತಾರೆ. ಗಿರಾಕಿಗಳನ್ನು ಬೇಡಿ ಕರೆಯುವುದನ್ನು ಈ ವೃತ್ತಿಯ ನಿಯಮ ನಿಷೇಧಿಸಿದೆ. ಕೆಲವು ನಿರ್ದಿಷ್ಟ ಸಂದರ್ಭಗಳನ್ನುಳಿದು, ಫಲಕ್ಕೆ ತಕ್ಕ ಪಾಲನ್ನು ಕೂಲಿಯಾಗಿ ಪಡೆಯುವುದನ್ನೂ ನಿಷೇಧಿಸಿದೆ. “ಸರ್ಕಾರದಿಂದ ತೆರಿಗೆ ಹಿಂದಕ್ಕೆ ಕೊಡಿಸುತ್ತೇನೆ, ಬಂದುದರಲ್ಲಿ ಇಷ್ಟು ನನಗೆ” ಎನ್ನುವವನನ್ನು ದೂರವಿಡುವುದೇ ಲೇಸು. ಸುಳ್ಳು ವಿನಾಯಿತಿಯನ್ನು ಬರೆದವನು ಬೇರೆಯಾದರೂ ಉತ್ತರ ಕೊಡಬೇಕಾದವನು ತೆರಿಗೆದಾರನೇ. ಆದಾಯವನ್ನು ತಪ್ಪಾಗಿ ತೋರಿಸಿದರೆ ತಪ್ಪಿಸಿದ ತೆರಿಗೆಯ ಎರಡರಷ್ಟು ದಂಡ ಬೀಳಬಹುದು.

ಊರಿನವರೇ ಆಗಬೇಕೋ, ಬೆಂಗಳೂರಿನವರಾದರೂ ಆದೀತೋ? ಹಿಂದೆ “ಅಧಿಕಾರಿಗಳ ಪರಿಚಯವುಳ್ಳ ಆಡಿಟರು” ಬೇಕೆಂದು ಜನ ಹುಡುಕುತ್ತಿದ್ದರು. 2020ರಿಂದ ಆದಾಯ ತೆರಿಗೆಯ ನಿರ್ಧರಣೆಯು ಬಹುಮಟ್ಟಿಗೆ ಮುಖಾಮುಖಿಯಿಲ್ಲದೆ ನಡೆಯುತ್ತಿರುವುದರಿಂದ ಆ ಪರಿಚಯಕ್ಕೆ ಬೆಲೆ ಉಳಿದಿಲ್ಲ. ಬೆಲೆಯಿರುವುದು ನಮ್ಮ ದಾಸ್ತಾನನ್ನು ಬಂದು ನೋಡಬಲ್ಲ, ನಮ್ಮ ಕಸುಬಿನ ಹದವನ್ನು ಬಲ್ಲ, ಪ್ರಶ್ನೆ ಕೇಳಬಲ್ಲ ಸಾಮೀಪ್ಯಕ್ಕೆ. ಗೌರಿಬಿದನೂರಿನ ಕಾರ್ಖಾನೆಗೂ ಚಿಕ್ಕಬಳ್ಳಾಪುರದ ದ್ರಾಕ್ಷಿ-ಹೂವಿನ ವರ್ತಕನಿಗೂ ಬೇಕಾದ ತಿಳಿವಳಿಕೆ ಒಂದೇ ಆಗಿರದು. ಆದ್ದರಿಂದ ಅದೇ ಕಸುಬಿನ ಇಬ್ಬರು ಮೂವರನ್ನು ವಿಚಾರಿಸಿ, ಕೆಲಸದ ವ್ಯಾಪ್ತಿಯನ್ನೂ ಸಂಭಾವನೆಯನ್ನೂ ಬರವಣಿಗೆಯಲ್ಲಿ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.

ಕಡೆಯದಾಗಿ, ತೆರಿಗೆ ಖಾತೆಯ ಗುಪ್ತಪದವೂ ನೋಂದಾಯಿಸಿದ ದೂರವಾಣಿಯ ಸಂಖ್ಯೆಯೂ ನಮ್ಮವೇ ಆಗಿರಲಿ. ತೆರಿಗೆಯ ಹಣ ನಮ್ಮ ಬ್ಯಾಂಕಿನಿಂದ ನೇರವಾಗಿ ಸರ್ಕಾರಕ್ಕೆ ಸಲ್ಲಲಿ. ಓದದೆ ಯಾವ ಪತ್ರಕ್ಕೂ ಸಹಿ ಹಾಕದಿರೋಣ. ಪರಿಶೋಧಕರು ನಮ್ಮ ಲೆಕ್ಕವನ್ನು ಪರೀಕ್ಷಿಸಬಲ್ಲರು. ಪ್ರಾಮಾಣಿಕವಾಗಿ ದಿನದಿನವೂ ಲೆಕ್ಕ ಬರೆದಿಡುವ ಹೊಣೆ ಮಾತ್ರ ನಮ್ಮದೇ.